ಮನೆ ಒಬ್ಬರದು, ಮಂಚ ಇನ್ನೊಬ್ಬರದು

ಗಾವಡಗೆರೆಯಂಥ ಹೋಬಳಿ ಕೇಂದ್ರದಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂದರೆ ಖಾಲಿ ಮನೆ ಇದೆ ಎಂದೇ ಅರ್ಥ. ನಾಲ್ಕು ಗೋಡೆ, ಅಡುಗೆ ಕಟ್ಟೆ, ಬಚ್ಚಲಲ್ಲಿ ಹಂಡೆ ಒಲೆಯ ಜಾಗ, ಹಿತ್ತಲಲ್ಲಿ ನಲ್ಲಿ. ಫ್ಯಾನು ಬಾಡಿಗೆಗೆ ಬಂದವರೇ ತರಬೇಕು, ಬಲ್ಬೂ ಅವರದೇ. ಮನೆ ಬಿಡುವಾಗ ಎರಡನ್ನೂ ಬಿಚ್ಚಿಕೊಂಡು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾಡಕಚೇರಿಗೆ ವರ್ಗವಾಗಿ ಬಂದ ಗುಮಾಸ್ತರಾಗಲಿ, ಶಾಲೆಯ ಮೇಷ್ಟ್ರಾಗಲಿ, ಆಸ್ಪತ್ರೆಯ ನರ್ಸಮ್ಮನಾಗಲಿ ಮಂಚ, ಬೀರು, ಸಿಲಿಂಡರು, ಪಾತ್ರೆಯ ಮೂಟೆಗಳನ್ನು ಗಾಡಿಗೆ ಹೇರಿಕೊಂಡೇ ಬರುತ್ತಾರೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಇದಕ್ಕೂ ಒಂದು ಚರಿತ್ರೆ ಇರಬಹುದೆಂದು ತೋಚುವುದೇ ಇಲ್ಲ. ಆದರೆ ಮೈಸೂರು ನಗರದಿಂದ ಹಿಡಿದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯವರೆಗಿನ ಈ ಸೀಮೆಯಲ್ಲಿ ಒಂದು ಸೂರಿನಡಿ ಯಾರು ಎಷ್ಟು ದಿನ ಇರುತ್ತಾರೆ ಎಂಬುದನ್ನು ಕರಾರು ಪತ್ರಕ್ಕಿಂತ ಮೊದಲು ತೀರ್ಮಾನಿಸಿದ್ದು ಒಳಗಿನ ಸಾಮಾನು ಯಾರದು ಎಂಬ ಸಂಗತಿ. ಈಗ ಮಂಚ, ಸೋಫಾ, ಫ್ರಿಜ್ಜುಗಳನ್ನು ತಿಂಗಳ ಬಾಡಿಗೆಗೆ ತರಿಸಿ, ಸಂಸಾರಸ್ಥರಿಗೆ ಕೊಡುತ್ತಿದ್ದ ಮನೆಯನ್ನು ದಿನದ ಲೆಕ್ಕದ ತಂಗುಮನೆಯಾಗಿ ಮಾಡುವ ವ್ಯವಹಾರ ಬೆಳೆಯುತ್ತಿದೆ. ಅದನ್ನು ಮೊಬೈಲ್ ಕಾಲದ ಹೊಸ ಚಾಲಾಕಿತನವೆಂದು ನೋಡಿದರೆ ಅರ್ಥವಾಗುವುದು ಕಡಿಮೆ. ಈ ಸೀಮೆಯಲ್ಲಿ ಮೂರು ಬೇರೆ ಬೇರೆ ಏರ್ಪಾಡುಗಳು ಬಹುಕಾಲ ಒಂದಕ್ಕೊಂದು ತಾಗದೆ ನಡೆದು ಬಂದಿದ್ದವು. ಅವು ಈಗ ಒಂದೇ ಮನೆಯೊಳಗೆ ಬೆರೆತಿವೆ. ನಷ್ಟವಾಗುತ್ತಿರುವುದು ಬೇರೆ ಊರಿನಿಂದ ಬಂದು ನಮ್ಮ ನಡುವೆ ನೆಲೆ ನಿಲ್ಲಬೇಕಾದ ಸಂಸಾರಕ್ಕೆ.

ಮೊದಲ ಏರ್ಪಾಡಿನಲ್ಲಿ ಸಾಮಾನು ಬಾಡಿಗೆದಾರರದು. ಹುಣಸೂರು ಮರದ ಊರು. ಸುತ್ತಲಿನ ಕಾಡಿನ ತೇಗ, ಬೀಟೆ, ಹೊನ್ನೆ, ಮತ್ತಿ ಇಲ್ಲಿನ ಡಿಪೋಗಳಲ್ಲಿ ಇಳಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಸೈನ್ಯಕ್ಕೆ ಸರಕು ಒದಗಿಸುವ ಕಮಿಸರಿಯಟ್ ಇಲ್ಲಿತ್ತು, ಅಮೃತಮಹಲ್ ದನಗಳ ಆಡಳಿತವೂ ಇಲ್ಲಿತ್ತು. ಮುಂದೆ ಸಾಮಿಲ್ಲುಗಳು ಬಂದವು, ಪ್ಲೈವುಡ್ ಕಾರ್ಖಾನೆ ಬಂತು. ಇಂಥ ಕಡೆ ಮನೆಯ ಮರದ ಸಾಮಾನೆಂದರೆ ಸುಲಭಕ್ಕೆ ಕದಲುವ ವಸ್ತುವಲ್ಲ. ಮದುವೆಗೆಂದು ಮಾಡಿಸಿದ ಬೀಟೆ ಮಂಚ ಮೊಮ್ಮಕ್ಕಳ ಕಾಲಕ್ಕೂ ಅದೇ ಕೋಣೆಯಲ್ಲಿರುತ್ತಿತ್ತು. ಅದನ್ನು ಎತ್ತಲು ನಾಲ್ಕಾಳು ಬೇಕು, ಬಾಗಿಲು ದಾಟಿಸಲು ಕಾಲು ಬಿಚ್ಚಬೇಕು, ಸಾಗಿಸಲು ಎತ್ತಿನ ಗಾಡಿ ಹೂಡಬೇಕು. ಹಾಗಾಗಿ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದವರು ಆದಷ್ಟೂ ಕದಲುತ್ತಿರಲಿಲ್ಲ. ಇದರ ಜೊತೆಗೆ ಮುಂಗಡವೂ ಭೋಗ್ಯವೂ ಇದ್ದವು. ಭೋಗ್ಯದಲ್ಲಿ ಇಡುಗಂಟು ಮಾಲೀಕರ ಕೈ ಸೇರುತ್ತದೆ, ತಿಂಗಳ ಬಾಡಿಗೆ ಇರುವುದಿಲ್ಲ, ಅವಧಿ ಮುಗಿದಾಗ ಬಡ್ಡಿಯಿಲ್ಲದೆ ಹಣ ವಾಪಸು. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಬೋರ್‌ವೆಲ್ಲಿಗೋ ಹಾಕಿರುತ್ತಾರೆ. ಹೊಂದಿಸಿ ಕೊಡಲು ಆಗದಿದ್ದಾಗ ಭೋಗ್ಯ ಇನ್ನೊಂದು ಅವಧಿಗೆ ಮುಂದುವರಿಯುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು 11 ತಿಂಗಳ ಕರಾರು ರೂಢಿಗೆ ಬಂತು. ಆದರೆ ಆ 11 ತಿಂಗಳ ಕಾಗದದ ಮೇಲೆಯೇ ಮಕ್ಕಳ ಓದು ಮುಗಿಯುವ ತನಕ ಇದ್ದ ಸಂಸಾರಗಳು ಎಷ್ಟೋ. ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಕಾಗದವಲ್ಲ, ಮಾಲೀಕರ ಕೈಯಲ್ಲಿದ್ದ ಹಣ ಮತ್ತು ಮಾಲೀಕರ ಮನೆಯೊಳಗಿದ್ದ ಸಾಮಾನು.

ಎರಡನೆಯದರಲ್ಲಿ ಸಾಮಾನು ಸರ್ಕಾರದ್ದು ಅಥವಾ ಅರಮನೆಯದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಹಾದು ಪಿರಿಯಾಪಟ್ಟಣದ ಪಾಳು ಕೋಟೆಯನ್ನು ನೋಡಿ ಬರೆದಾಗ ಅಧಿಕಾರಿಗಳು ಡೇರೆಯನ್ನೂ ಒಳಗಿನ ಸಾಮಾನನ್ನೂ ಜೊತೆಗೇ ಹೊರಿಸಿಕೊಂಡು ತಿರುಗುತ್ತಿದ್ದ ಕಾಲ. ಮುಂದೆ ರಸ್ತೆಗಳು ಆದಂತೆ ದಾರಿಯುದ್ದಕ್ಕೂ ಪ್ರವಾಸಿ ಬಂಗಲೆಗಳು ಎದ್ದವು. ಊರ ಜನರ ಬಾಯಲ್ಲಿ ಅವು ಟಿ.ಬಿ., ಐ.ಬಿ. ಬಂಗಲೆಯಲ್ಲಿ ಮಂಚ, ಮೇಜು, ಕುರ್ಚಿ, ಸ್ನಾನದ ತೊಟ್ಟಿ ಎಲ್ಲವೂ ಇದ್ದವು. ಅವುಗಳ ಪಟ್ಟಿಯೊಂದು ದಫ್ತರದಲ್ಲಿತ್ತು, ಪಟ್ಟಿಗೆ ಜವಾಬ್ದಾರನಾಗಿ ಒಬ್ಬ ಮೇಟಿ ಇದ್ದ. ಬಂದವರು ಬರಿಗೈಯಲ್ಲಿ ಬಂದು ಹೋಗಬಹುದಾಗಿತ್ತು, ಆದರೆ ಬಹಳ ದಿನ ಇರುವಂತಿರಲಿಲ್ಲ. ಈ ಏರ್ಪಾಡು ತನ್ನ ದೊಡ್ಡ ರೂಪದಲ್ಲಿ ಕಂಡದ್ದು ಕಾಕನಕೋಟೆಯ ಖೆಡ್ಡಾದಲ್ಲಿ. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ಬ್ರಿಟನ್ನಿನ ಯುವರಾಜ ಆನೆ ಹಿಡಿಯುವುದನ್ನು ನೋಡಲು ಬಂದಾಗ ಕಾರಾಪುರದಲ್ಲಿ ಕಾಡಿನ ಅಂಚಿನಲ್ಲೇ ಬೀಡು ಬಿಡಿಸಲಾಗಿತ್ತು. ಡೇರೆ, ಜಮಖಾನೆ, ಮಂಚ, ಪಿಂಗಾಣಿ, ದೀಪಗಳನ್ನು ಸಾಗಿಸಿ, ಹಾಸಿ, ಅತಿಥಿಗಳು ಹೋದ ಮೇಲೆ ಎಣಿಸಿ ವಾಪಸು ಒಯ್ಯುವುದು ಇಂಥ ಬೀಡಿನ ಮುಖ್ಯ ಕೆಲಸ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಖೆಡ್ಡಾ ನಡೆಯುತ್ತಿದ್ದ ಬಯಲು ಕಬಿನಿ ಜಲಾಶಯದ ಹಿನ್ನೀರಿನ ಪಾಲಾಯಿತು. 1980ರ ದಶಕದಲ್ಲಿ ಕಾರಾಪುರದ ಹಳೆಯ ಬೇಟೆ ಬಂಗಲೆಗಳಲ್ಲೇ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿ ರಿವರ್ ಲಾಡ್ಜ್ ತೆರೆಯಿತು. ಆಗಲೂ ಒಂದು ಮಾತು ಬದಲಾಗಲಿಲ್ಲ: ಅಲ್ಪಕಾಲದ ಅತಿಥಿಗೆಂದೇ ಪ್ರತ್ಯೇಕ ಕಟ್ಟಡವಿತ್ತು, ಊರಿನ ಮನೆಗಳನ್ನು ಯಾರೂ ಅದಕ್ಕೆ ಮುಟ್ಟಿರಲಿಲ್ಲ.

ಇವೆರಡರ ನಡುವೆ ಛತ್ರ ಮತ್ತು ಮಠ ಇದ್ದವು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಂಥ ಕಡೆಯಾಗಲಿ, ಗಾವಡಗೆರೆಯ ಜಂಗಮ ಮಠದಂಥ ಕಡೆಯಾಗಲಿ ಬಂದವರಿಗೆ ಸಿಗುತ್ತಿದ್ದುದು ನೆರಳು, ನೀರು, ಊಟ. ಹಾಸಿಗೆ ಸುರುಳಿ ಬಂದವರ ಹೆಗಲ ಮೇಲೆಯೇ ಇರುತ್ತಿತ್ತು. ಆದರೆ ನನ್ನ ವಾದಕ್ಕೆ ಇವುಗಳಿಗಿಂತ ಮುಖ್ಯವಾದದ್ದು ಮೂರನೆಯ ಏರ್ಪಾಡು, ಸಾಮಾನು ಎರವಲಾಗಿ ಬರುವ ಮದುವೆಯ ಬಿಡಾರ. ಗಂಡಿನ ಕಡೆಯವರು ಬಂದಾಗ ಅವರನ್ನು ಇಳಿಸಲು ಬೀದಿಯ ಒಂದು ಮನೆಯನ್ನು ಮೂರು ದಿನದ ಮಟ್ಟಿಗೆ ತೆರವು ಮಾಡಿಸಿ, ಸುಣ್ಣ ಬಳಿದು, ಚಪ್ಪರ ಹಾಕಿ, ನೆರೆಹೊರೆಯಿಂದ ಕೊಳದಪ್ಪಲೆ, ಹಂಡೆ, ಜಮಖಾನೆಗಳನ್ನು ಎರವಲು ತಂದು ಕೊಡುತ್ತಿದ್ದರು. ಇರುವ ಮನೆಯನ್ನೇ ಬೇರೆಯವರ ಸಾಮಾನಿನಿಂದ ಕೆಲವು ದಿನದ ವಸತಿಯಾಗಿ ಮಾಡುವ ವಿದ್ಯೆ ಇದೇ. ಎರವಲಿನ ಜಾಗಕ್ಕೆ ನಿಧಾನವಾಗಿ ಬಾಡಿಗೆ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಮೊದಲು, ಹೋಬಳಿಗಳಲ್ಲಿ ಆಮೇಲೆ ಶಾಮಿಯಾನ ಅಂಗಡಿಗಳು ತೆರೆದವು. ಆ ಅಂಗಡಿಯ ಒಳಗೆ ಕಣ್ಣು ಹಾಯಿಸಿದರೆ ಅದರ ಲೆಕ್ಕಾಚಾರ ಕಾಣುತ್ತದೆ. ಕಬ್ಬಿಣದ ಮಡಚು ಕುರ್ಚಿಯ ಬೆನ್ನಿಗೆ ಕೆಂಪು ಬಣ್ಣದಲ್ಲಿ ಅಂಗಡಿಯ ಹೆಸರಿನ ಮೊದಲಕ್ಷರಗಳು, ಕೊಳದಪ್ಪಲೆಯ ಕಂಠದ ಮೇಲೆ ಉಳಿಯಿಂದ ಚುಚ್ಚಿ ಬರೆದ ಹೆಸರು, ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಇಷ್ಟು ಲೋಟ, ಇಷ್ಟು ಸೌಟು, ಇಷ್ಟು ದಿಂಬು ಎಂಬ ಬರಹ. ಮುಂಗಡ ಕೊಟ್ಟು ಒಯ್ಯುವುದು, ಎಣಿಸಿ ಒಪ್ಪಿಸುವುದು, ಒಡೆದದ್ದಕ್ಕೆ ದಂಡ ತೆರುವುದು. ಇಂದಿನ ಪೀಠೋಪಕರಣ ಬಾಡಿಗೆ ಕಂಪನಿಗಳು ಮಾಡುವುದೂ ಇದನ್ನೇ. ವ್ಯತ್ಯಾಸ ಒಂದೇ, ಆದರೆ ಅದು ದೊಡ್ಡದು. ಶಾಮಿಯಾನದವರ ಸಾಮಾನು ಮೂರು ದಿನಕ್ಕೆ ಬಂದು ಹೋದ ಮೇಲೆ ಬಿಡಾರದ ಮನೆ ತನ್ನ ಸಂಸಾರಕ್ಕೆ ಮರಳುತ್ತಿತ್ತು. ಆ ಮನೆಗೆ ತನ್ನದೇ ಮಂಚವಿತ್ತು, ಅದು ಪಕ್ಕದ ಕೋಣೆಯಲ್ಲಿ ಕಾಯುತ್ತಿತ್ತು.

ಸರ್ಕಾರವೂ ಒಂದು ಕಾಲದಲ್ಲಿ ಖಾಲಿ ಮನೆಯನ್ನು ಮಾಲೀಕರೊಬ್ಬರ ವಿಷಯವೆಂದು ಬಿಟ್ಟಿರಲಿಲ್ಲ. ಮೈಸೂರು ರಾಜ್ಯದಲ್ಲಿ 1951ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು, ಅದರ ಜಾಗಕ್ಕೆ 1961ರ ಕಾಯ್ದೆ. ಅದು ಮುಖ್ಯವಾಗಿ ನಗರ, ಪಟ್ಟಣಗಳಿಗೆ ಸಂಬಂಧಿಸಿದ್ದು. ಮನೆ ಖಾಲಿಯಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಅವರು ಅದನ್ನು ಅಗತ್ಯವಿದ್ದವರಿಗೆ ಹಂಚಬಹುದು ಎಂದು ಅದು ಹೇಳುತ್ತಿತ್ತು. ಅದರ ಅರ್ಥವಿವರಣೆಯ ಭಾಗದಲ್ಲಿ ನಮಗೆ ಬೇಕಾದ ಎರಡು ಸಂಗತಿಗಳಿವೆ. ಮಾಲೀಕ ಒದಗಿಸಿದ ಪೀಠೋಪಕರಣವನ್ನೂ ಕಟ್ಟಡದ ಭಾಗವೆಂದೇ ಎಣಿಸಿದ್ದರು. ಹೋಟೆಲು ಅಥವಾ ಲಾಡ್ಜಿನ ಕೋಣೆಯನ್ನು ಮಾತ್ರ ಹೊರಗಿಟ್ಟಿದ್ದರು. ಅಂದರೆ ನಾಲ್ಕು ಕುರ್ಚಿ ಇಟ್ಟ ಮಾತ್ರಕ್ಕೆ ಸಂಸಾರದ ಮನೆ ಲಾಡ್ಜಾಗದು ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು, ಆ ದಾರಿಯಿಂದ ನುಸುಳುವವರು ಇರುತ್ತಾರೆ ಎಂಬುದೂ ಗೊತ್ತಿತ್ತು. ಮಾಲೀಕರ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟವರನ್ನು ಮನೆ ಬಿಡಿಸಬಹುದಾಗಿತ್ತು. ಆದರೆ ಕಾನೂನು ನೋಡಿದ್ದು ಇಬ್ಬರನ್ನು ಮಾತ್ರ, ಮಾಲೀಕ ಮತ್ತು ಬಾಡಿಗೆದಾರ. ಮನೆಯೂ ತನ್ನದಲ್ಲದ, ಅಲ್ಲಿ ವಾಸವೂ ಇರದ ಮೂರನೆಯವನೊಬ್ಬ ಬಾಡಿಗೆ ಮನೆಯಲ್ಲಿ ಬಾಡಿಗೆ ಮಂಚ ಹಾಕಿಸಿ ನಾಲ್ಕನೆಯವರಿಗೆ ರಾತ್ರಿಗಿಷ್ಟು ಎಂದು ಕೊಡುವ ಕಾಲ ಆಗಿನ್ನೂ ಬಂದಿರಲಿಲ್ಲ.

ಮೂರೂ ಏರ್ಪಾಡುಗಳು ನಮ್ಮ ಕಡೆ ಮೊದಲು ಒಂದುಗೂಡಿದ್ದು ಯೋಗದ ನೆಪದಲ್ಲಿ. ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮ ಸಂಸ್ಥೆ ಕಟ್ಟಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸೆಬೆತ್ ಬಂದು ಕಲಿತು ಹೋದ ಮೇಲೆ ಪಶ್ಚಿಮದ ವಿದ್ಯಾರ್ಥಿಗಳ ದಾರಿ ತೆರೆಯಿತು. 2002ರಲ್ಲಿ ಶಾಲೆ ಗೋಕುಲಂಗೆ ಬಂತು. ಈ ವಿದ್ಯಾರ್ಥಿಗಳು ವಾರಕ್ಕೆ ಬರುವವರಲ್ಲ, ವರ್ಷಕ್ಕೂ ಬರುವವರಲ್ಲ. ತಿಂಗಳು, ಎರಡು ತಿಂಗಳು, ಮೂರು ತಿಂಗಳು ಇರುವವರು. ಲಾಡ್ಜು ಅವರಿಗೆ ದುಬಾರಿ, ಖಾಲಿ ಮನೆ ಅವರಿಗೆ ಉಪಯೋಗವಿಲ್ಲ. ಗೋಕುಲಂ ಒಂದು ಶಾಂತ ವಸತಿ ಬಡಾವಣೆ, ಮಹಡಿ ಮನೆಯನ್ನು ಸಂಸಾರಸ್ಥರಿಗೆ ಕೊಟ್ಟುಕೊಂಡಿದ್ದ ಕಡೆ. ಅಲ್ಲಿನವರು ಮಹಡಿಯಲ್ಲಿ ಮಂಚ, ಗ್ಯಾಸ್ ಒಲೆ, ಫ್ರಿಜ್ಜು ಇಟ್ಟು ತಿಂಗಳ ಲೆಕ್ಕದಲ್ಲಿ ಕೊಡಲು ಮೊದಲು ಮಾಡಿದರು. ಆರಂಭದಲ್ಲಿ ಅದು ಮನೆಯೊಡತಿ ಕೆಳಗೆ ಇದ್ದುಕೊಂಡು, ಬಂದವರಿಗೆ ಹಾಲಿನವರನ್ನು ಗೊತ್ತುಮಾಡಿಕೊಟ್ಟು, ಮಜ್ಜಿಗೆ ಹುಳಿ ಕಳಿಸುತ್ತಿದ್ದ ಏರ್ಪಾಡು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೆ ಅದರಿಂದ ಒಂದು ಪಾಠ ಊರಿಗೆ ಸಿಕ್ಕಿತು: ಅದೇ ಗೋಡೆಗಳ ಒಳಗೆ ಮಂಚ ಇಟ್ಟರೆ ಬಾಡಿಗೆ ಒಂದು, ಇಡದಿದ್ದರೆ ಇನ್ನೊಂದು.

ಮಂಚ ಕೊಳ್ಳಲು ಬಂಡವಾಳ ಬೇಕು ಎಂಬ ಅಡ್ಡಿ ಮಾತ್ರ ಉಳಿದಿತ್ತು. ಅದನ್ನು ತೆಗೆದದ್ದು ಬೆಂಗಳೂರು. 2012ರಲ್ಲಿ ಫರ್ಲೆಂಕೊ, 2014ರಲ್ಲಿ ರೆಂಟೊಮೊಜೊ ಎಂಬ ಪೀಠೋಪಕರಣ ಬಾಡಿಗೆ ಕಂಪನಿಗಳು ಅಲ್ಲಿ ಹುಟ್ಟಿದವು. ಅವು ಗುರಿಯಾಗಿಟ್ಟುಕೊಂಡದ್ದು ಊರಿಂದೂರಿಗೆ ಕೆಲಸ ಬದಲಿಸುವ, ಖಾಲಿ ಫ್ಲ್ಯಾಟಿನಲ್ಲಿ ಚಾಪೆಯ ಮೇಲೆ ಮಲಗುತ್ತಿದ್ದ ಸಾಫ್ಟ್‌ವೇರ್ ಹುಡುಗ ಹುಡುಗಿಯರನ್ನು. ಬಾಡಿಗೆದಾರರಿಗೆ ಅನುಕೂಲವಾಗಲೆಂದು ಬಂದ ಸೌಕರ್ಯ ಅದು. ಸಾಮಾನೂ ಅದಕ್ಕೆ ತಕ್ಕಂತೆ ಬದಲಾಗಿತ್ತು. ಹುಣಸೂರಿನ ಬಡಗಿ ಬೆಸೆದ ಕೀಲಿನ ಮಂಚವಲ್ಲ. ಒತ್ತಿದ ಹಲಗೆಯ ಚಪ್ಪಟೆ ಕಟ್ಟುಗಳು. ಇಬ್ಬರು ಹುಡುಗರು ಬಗ್ಗಿದ ಕಬ್ಬಿಣದ ಸಣ್ಣ ಕೀಲಿ ಹಿಡಿದು ಬೋಲ್ಟು ತಿರುವಿ ಅರ್ಧ ಗಂಟೆಯಲ್ಲಿ ನಿಲ್ಲಿಸಿ ಹೋಗುತ್ತಾರೆ, ಇನ್ನರ್ಧ ಗಂಟೆಯಲ್ಲಿ ಬಿಚ್ಚಿ ಒಯ್ಯುತ್ತಾರೆ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಪುಟ್ಟ ಗಾಡಿಗಳು ಓಣಿಯ ಕೊನೆಯ ಮನೆಯ ಬಾಗಿಲಿಗೂ ಹೋಗುತ್ತವೆ. ಇತ್ತ ಅತಿಥಿಯನ್ನು ಹುಡುಕಿಕೊಡುವ ಕೆಲಸವನ್ನು ಏರ್‌ಬಿಎನ್‌ಬಿಯಂಥ ತಾಣಗಳು ವಹಿಸಿಕೊಂಡವು. 2007ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಇಬ್ಬರು ಬಾಡಿಗೆದಾರರು ಬಾಡಿಗೆ ಕಟ್ಟಲು ಹಣ ಸಾಲದೆ ತಮ್ಮ ಮನೆಯ ನೆಲದ ಮೇಲೆ ಗಾಳಿ ತುಂಬಿದ ಹಾಸಿಗೆ ಹಾಕಿ ಅತಿಥಿಗಳನ್ನು ಇಳಿಸಿಕೊಂಡದ್ದರಿಂದ ಮೊದಲಾದ ವ್ಯವಹಾರ ಅದು. ಈ ಮೂರೂ ಕೂಡಿದ ಮೇಲೆ ಮನೆಯಾಗಲಿ ಮಂಚವಾಗಲಿ ಕೊಳ್ಳದೆ ತಂಗುಮನೆ ನಡೆಸುವುದು ಸಾಧ್ಯವಾಯಿತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ ವಾರಾಂತ್ಯದ ಕಾರುಗಳಿಗೆ ಹುಣಸೂರು, ಕಬಿನಿ, ಬೈಲಕುಪ್ಪೆ ಇನ್ನಷ್ಟು ಹತ್ತಿರವಾದವು.

ನನ್ನ ವಾದಕ್ಕೆ ಎದುರಾಗಿ ಹೇಳುವ ಮೊದಲ ಮಾತು ಬಾಡಿಗೆ ಕಾನೂನಿನದು. ಒಮ್ಮೆ ಸಂಸಾರವನ್ನು ಇಟ್ಟುಕೊಂಡರೆ ಬಿಡಿಸಲು ದಶಕಗಟ್ಟಲೆ ಕೋರ್ಟಿಗೆ ಅಲೆಯಬೇಕು, ಅದಕ್ಕೇ ಮಾಲೀಕರು ಅಲ್ಪಕಾಲದ ಅತಿಥಿಯನ್ನು ಬಯಸುತ್ತಾರೆ ಎನ್ನುತ್ತಾರೆ. 1961ರ ಕಾಯ್ದೆಯ ಕಾಲಕ್ಕೆ ಈ ಮಾತು ನಿಜ. ಪಿಂಚಣಿಯ ಹಣದಲ್ಲಿ ಕಟ್ಟಿಸಿದ ಮನೆಗೆ ತಾವೇ ಹೋಗಲಾರದೆ ಕಣ್ಣೀರು ಹಾಕಿದ ಮಾಲೀಕರಿದ್ದರು, ಅವರ ನೋವನ್ನು ಹಗುರವಾಗಿ ನೋಡಬಾರದು. ಆದರೆ ಆ ಕಾಯ್ದೆ ಹೋಗಿ ಎರಡು ದಶಕಗಳೇ ದಾಟಿವೆ. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ವಸತಿ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಇಂದು ಮೈಸೂರಿನಲ್ಲಾಗಲಿ ಹುಣಸೂರಿನಲ್ಲಾಗಲಿ ಒಂದು ಸಂಸಾರ ಹಿಡಿಸುವ ಮನೆ ಆ ಮಿತಿಯೊಳಗೆ ಸಿಗುವುದು ಅಪರೂಪ. ಅಂದರೆ ಮನೆಮಾಲೀಕರನ್ನು ಕಾಡುತ್ತಿದ್ದ ಕಾನೂನಿನ ಹಿಡಿತ ಬಹುಮಟ್ಟಿಗೆ ಸಡಿಲವಾದ ಮೇಲೆಯೇ ಈ ವ್ಯವಹಾರ ಬೆಳೆದಿದೆ. ಭಯ ಅದರ ಬೇರಾಗಿದ್ದರೆ ಕ್ರಮ ತಿರುಗಾಮುರುಗಾ ಆಗಬೇಕಿತ್ತು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೊಗೆಸೊಪ್ಪು ಬೆಳೆಯುವ ಸೀಮೆ ಇದು. ಕಟ್ಟೆಮಳಲವಾಡಿಯ, ಚಿಲ್ಕುಂದದ ಹರಾಜು ಕಟ್ಟೆಯಲ್ಲಿ ದರ ಬಿದ್ದ ವರ್ಷ ರೈತರ ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಅಂಥವರು ಊರಲ್ಲಿ ಕಟ್ಟಿಸಿದ ಒಂದು ಮನೆಯಿಂದ ನಾಲ್ಕು ಕಾಸು ಹೆಚ್ಚು ಮಾಡಿಕೊಂಡರೆ ಬೇಡವೆನ್ನುವುದು ಹೇಗೆ? ಬೇಡವೆನ್ನಲಾಗದು, ನಾನೂ ಅನ್ನುವುದಿಲ್ಲ. ಆದರೆ ಹೆಚ್ಚಿನ ಹಣ ಯಾರ ಕೈಗೆ ಹೋಗುತ್ತದೆ ಎಂದು ನೋಡಬೇಕು. ರೈತರು ತಾವಿರುವ ಮನೆಯ ಒಂದು ಕೋಣೆಯಲ್ಲಿ ಅತಿಥಿಯನ್ನು ಇಳಿಸಿಕೊಂಡರೆ ಹಣ ಅವರದು, ಅಡುಗೆ ಅವರದು, ಮಾತೂ ಅವರದು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆ ಆರು ಕೋಣೆ, ಹನ್ನೆರಡು ಹಾಸಿಗೆಯ ಮಿತಿ ಹಾಕಿ, ಮನೆಯವರು ಅಲ್ಲೇ ವಾಸವಿರಬೇಕೆಂದು ಹೇಳಿದ್ದು ಇದನ್ನು ಮನಸ್ಸಿನಲ್ಲಿಟ್ಟೇ. ಬಾಡಿಗೆ ಸಾಮಾನು ತುಂಬಿಸಿ ಇಡೀ ಮನೆಯನ್ನು ಕೊಡುವ ಕಡೆ ಮಾಲೀಕರಿಗೆ ಸಿಗುವುದು ನಿಗದಿಯಾದ ಬಾಡಿಗೆ. ಮೇಲಿನದು ನಡೆಸುವವರಿಗೂ ಸಾಮಾನಿನ ಕಂಪನಿಗೂ ಬುಕಿಂಗ್ ತಾಣಕ್ಕೂ ಹಂಚಿಹೋಗುತ್ತದೆ. ಆ ಮನೆಗೆ ಬಂದ ಮಂಚವೂ ಹುಣಸೂರಿನ ಬಡಗಿಗೆ ಒಂದು ದಿನದ ಕೂಲಿ ತಂದಿರುವುದಿಲ್ಲ.

ಇನ್ನೊಂದು ಮಾತೂ ಕೇಳಿಬರುತ್ತದೆ. ಬಾಡಿಗೆ ಸಾಮಾನಾದ್ದರಿಂದ ಏನೂ ಶಾಶ್ವತವಲ್ಲ, ನಾಳೆ ಬೇಡವೆಂದರೆ ಮಂಚ ವಾಪಸು, ಮನೆ ಮತ್ತೆ ಸಂಸಾರಕ್ಕೆ. 2020ರಲ್ಲಿ ಕೊರೊನಾ ಬಂದು ಗಡಿಗಳು ಮುಚ್ಚಿ ಗೋಕುಲಂನ ಮಹಡಿಗಳು ಬರಿದಾದಾಗ, ಸ್ವಂತ ಸಾಮಾನಿಗೆ ಹಣ ಹಾಕಿದವರಿಗೆ ಅದು ಹೊರೆಯಾಯಿತು, ಬಾಡಿಗೆಗೆ ತಂದವರಿಗೆ ಹಿಂದಿರುಗಿಸುವ ದಾರಿಯಿತ್ತು. ಈ ಸಡಿಲತೆ ನಿಜವಾದ ಗುಣವೇ. ಆದರೆ ಅದು ವ್ಯವಹಾರ ನಡೆಸುವವರ ನಷ್ಟವನ್ನು ತಗ್ಗಿಸುತ್ತದೆಯೇ ಹೊರತು ಮನೆ ಹುಡುಕುವವರ ನಷ್ಟವನ್ನಲ್ಲ. ಜೂನ್ ತಿಂಗಳಲ್ಲಿ ವರ್ಗವಾಗಿ ಬಂದ ಮೇಷ್ಟ್ರಿಗೆ ಮನೆ ಬೇಕಾಗುವುದು ಜೂನ್ ತಿಂಗಳಲ್ಲಿ. ದೊಡ್ಡ ನಗರದಲ್ಲಿ ಹತ್ತು ಮನೆ ಕೈತಪ್ಪಿದರೆ ಹನ್ನೊಂದನೆಯದು ಸಿಗುತ್ತದೆ. ಹೋಬಳಿ ಕೇಂದ್ರದಲ್ಲಿ ಬಾಡಿಗೆಗೆ ಸಿಗುವ ಮನೆಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಎರಡು ತಂಗುಮನೆಯಾದರೆ ನರ್ಸಮ್ಮ ಮೈಸೂರಿನಿಂದ ಬಸ್ಸಿನಲ್ಲಿ ಓಡಾಡುತ್ತಾರೆ, ರಾತ್ರಿ ಹೆರಿಗೆ ನೋವು ಬಂದಾಗ ಊರಿನಲ್ಲಿ ಅವರಿರುವುದಿಲ್ಲ. ಮನೆ ಮತ್ತೆ ಸಂಸಾರಕ್ಕೆ ಬರುವ ಹೊತ್ತಿಗೆ ಆ ಸಂಸಾರ ಬೇರೆ ಊರಲ್ಲಿ ಬೇರು ಬಿಟ್ಟಿರುತ್ತದೆ.

ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ 2024ರಲ್ಲಿ ಘೋಷಿಸಿತು. ನ್ಯೂಯಾರ್ಕ್ 2023ರಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ಅದೇ ಮನೆಯಲ್ಲಿ ತಾವೂ ಇರಬೇಕೆಂದು ಕಟ್ಟುನಿಟ್ಟು ಮಾಡಿದೆ. ನಮಗೆ ಅಷ್ಟು ದೊಡ್ಡ ನಗರಗಳ ಮದ್ದು ಬೇಕಿಲ್ಲ. ನಮ್ಮ ಸೀಮೆಯ ರೂಢಿಯಲ್ಲೇ ಗೆರೆ ಎಳೆದಾಗಿದೆ: ಮನೆಯವರು ಇದ್ದುಕೊಂಡು ಅತಿಥಿಯನ್ನು ಇಳಿಸಿಕೊಳ್ಳುವುದು ಬೇರೆ, ಅತಿಥಿಗೆಂದೇ ಕಟ್ಟಿದ ಬಂಗಲೆ ಬೇರೆ, ಸಂಸಾರಕ್ಕೆಂದು ಕಟ್ಟಿದ ಮನೆಯನ್ನು ಮೂರು ದಿನ ಬಿಡಾರ ಮಾಡಿ ಹಿಂದಕ್ಕೆ ಕೊಡುವುದು ಬೇರೆ. ಮೊದಲಿನ ಎರಡಕ್ಕೆ ನಿಯಮಗಳಿವೆ. ಮೂರನೆಯದು ಮದುವೆ ಮುಗಿದರೂ ಬಿಡಾರ ಏಳದ ಸ್ಥಿತಿಗೆ ಬಂದಿದೆ, ಅದಕ್ಕೆ ನಿಯಮವಿಲ್ಲ. ಗೋಡೆ ಒಡೆಯದೆ, ನಕ್ಷೆ ಬದಲಿಸದೆ ಆಗುವ ಬದಲಾವಣೆಯಾದ್ದರಿಂದ ಅದು ಯಾವ ಕಡತಕ್ಕೂ ಸೇರುವುದಿಲ್ಲ. ಆದರೆ ಅಂಗಡಿಗೆ, ಹೋಟೆಲಿಗೆ ಪರವಾನಗಿ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಈಗಲೇ ಇದೆ, ಊರಿನ ಪ್ರತಿ ಮನೆಯ ಕಂದಾಯದ ದಾಖಲೆಯೂ ಅಲ್ಲೇ ಇದೆ. ಮಾಲೀಕರು ವಾಸವಿಲ್ಲದೆ ದಿನದ ಲೆಕ್ಕದಲ್ಲಿ ಕೊಡುವ ಮನೆಯನ್ನು ಆ ದಾಖಲೆಯಲ್ಲಿ ವಾಸದ ಮನೆಯ ಸಾಲಿನಿಂದ ತೆಗೆದು ವಾಣಿಜ್ಯದ ಸಾಲಿನಲ್ಲಿ ಬರೆಯುವುದು, ವರ್ಷಕ್ಕೊಮ್ಮೆ ಅಂಥ ಮನೆಗಳು ಊರಲ್ಲಿ ಎಷ್ಟಿವೆ ಎಂದು ಗ್ರಾಮಸಭೆಯ ಮುಂದೆ ಓದುವುದು, ಆ ಸಂಖ್ಯೆ ಎಲ್ಲಿ ನಿಲ್ಲಬೇಕೆಂದು ಊರೇ ಕೂತು ಹೇಳುವುದು: ಇಷ್ಟನ್ನು ಗಾವಡಗೆರೆ ಬೆಂಗಳೂರಿನ ಆದೇಶಕ್ಕೆ ಕಾಯದೆ ಮೊದಲು ಮಾಡಬಹುದು, ಖಾಲಿ ಮನೆಗಳು ಇನ್ನೂ ಖಾಲಿಯಾಗಿ ಸಿಗುತ್ತಿರುವಾಗಲೇ.